ಎರಡಾದ ಕೌದಿ

ನಮ್ಮ ಊರಿನಲ್ಲಿ ಒಂದನ್ನು ಎರಡು ಮಾಡುವ ಮುನ್ನ ಜನ ಬಹಳ ಯೋಚಿಸುತ್ತಾರೆ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ, ದನ, ಹಿತ್ತಾಳೆಯ ಕೊಡ ಎಲ್ಲವೂ ಸಲೀಸಾಗಿ ಹಂಚಿಕೆಯಾಗುತ್ತವೆ. ಆದರೆ ಒಂದಾಗಿ ಬಾಳಿದ ವಸ್ತುವಿಗೆ ಗರಗಸ ಇಡುವ ಮಾತು ಬಂದೊಡನೆ ಪಂಚರು ಎಲೆಅಡಿಕೆ ಕೆಳಗಿಟ್ಟು ಕೆಮ್ಮುತ್ತಾರೆ. ಏಕೆಂದರೆ ಇಲ್ಲಿ ಒಂದಿದ್ದು ಎರಡಾದದ್ದು ಪೂರ್ತಿಯಾಗಿ ಎರಡಾಗುವುದಿಲ್ಲ. ಒಂದು ತುಂಡಿಗೆ ಆದದ್ದು ಇನ್ನೊಂದಕ್ಕೂ ಆಗುತ್ತದೆ. ಇದನ್ನು ನಾವು ‘ಸಮ ಆಗುವುದು’ ಎನ್ನುತ್ತೇವೆ. ಗಾಣಿಗರ ಓಣಿಯ ಇಬ್ಬರು ಸಹೋದರರು ತಂದೆಯ ಮನೆಯ ಜೋಡಿ ಬಾಗಿಲಿನ ಒಂದೊಂದು ಕದವನ್ನು ಒಯ್ದು ತಮ್ಮ ತಮ್ಮ ಮನೆಗೆ ಹಚ್ಚಿಕೊಂಡರು. ಅಣ್ಣ ತನ್ನ ಕದಕ್ಕೆ ಹಸಿರು ಬಳಿದರೆ ತಮ್ಮನ ಕದ ಹಸಿರಾಯಿತು. ತಮ್ಮ ಸಿಟ್ಟಿನಿಂದ ಹಳದಿ ಬಳಿದ. ಅಣ್ಣ ಮತ್ತೆ ಹಸಿರು. ಬಣ್ಣ ಬೆರಳು ದಪ್ಪವಾಗಿ ಎರಡೂ ಕದಗಳು ಚೌಕಟ್ಟಿನಲ್ಲಿ ಕೂಡದಂತಾದಾಗ ಜಗಳ ತಾನಾಗಿಯೇ ಮುಗಿಯಿತು. ‘ಕಡೇ ಕೈ ಗೆದ್ದ ಕೈ’ ಎನ್ನುವ ಗಾದೆ ನಮ್ಮಲ್ಲಿ ಹುಟ್ಟಿದ್ದು ಇಂಥದ್ದರಿಂದಲೇ. ಯಾರು ಕೊನೆಗೆ ಮುಟ್ಟಿ ಬದಲಿಸುತ್ತಾರೋ ಅವರದೇ ಎರಡೂ ಕಡೆ ನಿಲ್ಲುತ್ತದೆ.

ಕೂಡುಶಾಲೆ ಒಡೆದು ಹೆಣ್ಣುಮಕ್ಕಳದು ಬೇರೆಯಾದಾಗ ಹಳೆಯ ದೊಡ್ಡ ಕರಿಹಲಗೆಯನ್ನೂ ನಡುವೆ ಕೊಯ್ದರು. ಈಗಲೂ ಗಂಡುಮಕ್ಕಳ ಶಾಲೆಯಲ್ಲಿ ಮಾಸ್ತರರು ಲೆಕ್ಕ ಬರೆದು ಬೆನ್ನು ತಿರುಗಿಸುವಷ್ಟರಲ್ಲಿ ಉತ್ತರ ಮೂಡಿರುತ್ತದೆ. ಆಚೆಯ ಓಣಿಯಲ್ಲಿ ಯಾವಳೋ ಚೂಟಿ ಹುಡುಗಿ ಬಿಡಿಸಿರುತ್ತಾಳೆ. ಇಂಥವಕ್ಕೆ ಜನ ಒಗ್ಗಿಕೊಂಡಿದ್ದಾರೆ. ಹಲಗೆ ಒರೆಸುವ ಮುನ್ನ ಈ ಶಾಲೆಯವರು ಗಂಟೆ ಬಾರಿಸುತ್ತಾರೆ, ಆ ಶಾಲೆಯವರು ಬೇಗಬೇಗನೆ ಬರೆದುಕೊಳ್ಳುತ್ತಾರೆ.

ಈ ಸಮದ ಆಳ್ವಿಕೆ ಇರುವುದು ಹೊಳೆಯ ಸೇತುವೆಯವರೆಗೆ ಮಾತ್ರ. ಸೇತುವೆ ದಾಟಿ ಹೊರಗೆ ಹೋದ ತುಂಡು ತನ್ನಷ್ಟಕ್ಕೆ ತಾನು ಬೇರೆಯೇ ಬಾಳುತ್ತದೆ. ಎಷ್ಟೋ ವರ್ಷಗಳ ನಂತರ ಅದು ತಿರುಗಿ ಬಂದು ಸೇತುವೆಯ ಈಚೆ ಕಾಲಿಟ್ಟ ಗಳಿಗೆಯಲ್ಲಿ ಎರಡೂ ಒಮ್ಮೆಲೇ ಸಮವಾಗುತ್ತವೆ: ಅಲ್ಲಿ ಸೇರಿದ್ದು ಇಲ್ಲಿ ಬರುತ್ತದೆ, ಇಲ್ಲಿ ಸೇರಿದ್ದು ಅಲ್ಲಿಗೆ ಹೋಗುತ್ತದೆ, ಎರಡೂ ಕಡೆ ಕೈಯಾಡಿಸಿದ್ದರಲ್ಲಿ ಕಡೆಯ ಕೈಯದು ಉಳಿಯುತ್ತದೆ. ಸೇತುವೆಯ ಸುಂಕದ ನಾಕಾದಲ್ಲಿ ಗುಮಾಸ್ತನಾಗಿ ಬಾಳಿನ ಬಹುಪಾಲು ಕಳೆದ ನಾನು, ಊರಿಗೆ ಮರಳುವವರು ಆಚೆಯ ದಡದಲ್ಲಿ ಗಂಟು ಬಿಚ್ಚಿಕೊಂಡು ಕೂರುವುದನ್ನು ನೋಡುತ್ತಲೇ ಮುದುಕನಾದೆ. ಮನುಷ್ಯ ಮನೆಗೆ ಹೋಗುವ ಮುನ್ನ ಏನನ್ನು ತೆಗೆದೊಗೆಯುತ್ತಾನೆ, ಏನನ್ನು ಅವಸರದಲ್ಲಿ ತೇಪೆ ಹಾಕುತ್ತಾನೆ ಎಂಬುದರಷ್ಟು ಕುತೂಹಲದ ಸಂಗತಿ ನನಗೆ ಇನ್ನೊಂದಿಲ್ಲ. ಅವರಿಗಾಗಿಯೇ ಅಲ್ಲಿ ಹುಸೇನಬಿಯ ಚಹಾದಂಗಡಿಯಿದೆ. ಅಂಗಡಿಯ ಗೋಡೆಗೆ ಕತ್ತರಿ, ಸೂಜಿ, ದಾರದ ಉಂಡೆ, ಸುತ್ತಿಗೆ ತೂಗುಹಾಕಿವೆ. ಚಹಾ ಕುಡಿದವರಿಗೆ ಅವೆಲ್ಲ ಪುಕ್ಕಟೆ.

ನನ್ನ ಹೆಂಡತಿ ದಾನಮ್ಮನ ಬಳಿ ಇದ್ದದ್ದು ಅರ್ಧ ಕೌದಿ. ಅವಳ ತಾಯಿ ಹಳೆಯ ಸೀರೆ, ಕುಪ್ಪಸ, ಧೋತರಗಳ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದಿದ್ದ ದೊಡ್ಡ ಕೌದಿಯದು. ತಾಯಿ ತೀರಿದ ಮೇಲೆ ಅಕ್ಕತಂಗಿ ಅದನ್ನು ಎರಡು ಮಾಡಿಕೊಂಡರು. ಹಿರಿಯರು ಬೇಡವೆಂದರು, ಇವರು ಕೇಳಲಿಲ್ಲ. ತಂಗಿ ಅನಸೂಯಾಳನ್ನು ಇದೇ ಊರಿನ ಕೆಳಗಿನ ಪೇಟೆಗೆ ಕೊಟ್ಟಿತ್ತು. ಕೌದಿ ಕತ್ತರಿಸಿದ ಮೇಲೆ ಅವರಿಬ್ಬರ ಮಾತುಕತೆಯೆಲ್ಲ ಅದರಲ್ಲೇ ನಡೆಯಿತು. ಅನಸೂಯಾ ಹೊಸ ಸೀರೆಯ ಸೆರಗಿನ ಚೂರು ಹಚ್ಚಿದರೆ ನಮ್ಮ ಮಂಚದ ಮೇಲಿನ ಕೌದಿಯಲ್ಲಿ ಅದು ಎಳೆಎಳೆಯಾಗಿ ಮೂಡುತ್ತಿತ್ತು. ದಾನಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೋಡಿ, “ಇಳಕಲ್ ತಗೊಂಡಾಳ ನೋಡ್ರಿ, ನಂಗೊಂದು ಮಾತು ಹೇಳಲಿಲ್ಲ,” ಎನ್ನುತ್ತಿದ್ದಳು. ಹೇಳಿದ್ದು ಅದೇ ಅಲ್ಲವೇ ಎಂದರೆ ನಗುತ್ತಿದ್ದಳು.

ನಮಗೊಂದು ಗಂಡುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅದಕ್ಕಾಗಿ ದಾನಮ್ಮ ಹೊಲಿದಿದ್ದ ಕೆಂಪು ಕುಲಾವಿಯನ್ನು ಕೂಸು ಒಂದೆರಡು ಸಲ ತೊಟ್ಟಿದ್ದಷ್ಟೆ. ಬಹಳ ದಿನ ಅವಳು ಆ ಕುಲಾವಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆತುಂಬ ಹಿಡಿದುಕೊಂಡು ತಿರುಗಿದಳು. ಕೊನೆಗೊಂದು ಬೆಳಿಗ್ಗೆ ಅದನ್ನು ಬಿಚ್ಚಿ, ಅಗಲ ಮಾಡಿ, ಕೌದಿಯ ಮೂಲೆಗೆ ಹೊಲಿದಳು. ಆ ಹೊತ್ತಿಗೆ ಅನಸೂಯಾಳ ಮಡಿಲಲ್ಲಿ ಹಾಲು ಕುಡಿಯುವ ಹೆಣ್ಣುಕೂಸಿತ್ತು, ಶೈಲಾ. ಆ ಕೂಸಿಗೆ ಹೊದಿಸಿದ ಕೌದಿಯ ಮೂಲೆಯಲ್ಲಿ ಸತ್ತ ಕೂಸಿನ ಕುಲಾವಿ ಕೆಂಪಗೆ ಮೂಡಿತು.

ಅನಸೂಯಾ ಓಡಿ ಬಂದಳು. “ಅಕ್ಕಾ, ಅದೊಂದು ತುಂಡು ತಗದುಬಿಡು. ಕೂಸಿನ ಮೈಮ್ಯಾಲ ಅದು ಬ್ಯಾಡ.”

“ನನ್ನ ಕೂಸಲ್ಲೇನು ಅದು?”

“ನಿನ್ನ ಅಳು ನನ್ನ ಹಾಸಿಗ್ಯಾಗ ಯಾಕ ಹೊಲೀತಿ?”

ಆಡಬಾರದ ಮಾತು. ಆಡಿದವಳಿಗೂ ಅದು ಗೊತ್ತಿತ್ತು. ಆದರೆ ನಮ್ಮ ಊರಿನಲ್ಲಿ ಹೊಲಿದದ್ದನ್ನು ಬಿಚ್ಚಬಹುದು, ಆಡಿದ್ದನ್ನು ಬಿಚ್ಚುವ ಕತ್ತರಿ ಹುಸೇನಬಿಯ ಗೋಡೆಯಲ್ಲೂ ಇಲ್ಲ. ಅನಸೂಯಾ ತನ್ನ ಕೌದಿಯಲ್ಲಿ ಬಿಚ್ಚುವುದು, ದಾನಮ್ಮ ಮತ್ತೆ ಹಚ್ಚುವುದು ನಡೆಯಿತು. ಬಾಗಿಲುಗಳ ಕಥೆಯೇ ಮತ್ತೆ. ಅಷ್ಟರಲ್ಲಿ ಅನಸೂಯಾಳ ಗಂಡ ಚನ್ನಬಸಪ್ಪನಿಗೆ ದೂರದ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಕುಲಾವಿಯ ತುಂಡು ಎರಡೂ ಕೌದಿಯಲ್ಲಿತ್ತು. ಅನಸೂಯಾ ಬಾಗಿಲಲ್ಲೇ ನಿಂತು, “ಸೇತುವಿ ದಾಟಿದ ಕೂಡ್ಲೆ ಬಿಚ್ಚಿ ಹೊಳಿಗೆ ಒಗೀತೀನಿ, ನೋಡ್ಕೋ,” ಎಂದು ಹೇಳಿ ಹೋದಳು.

ಮರುದಿನದಿಂದ ದಾನಮ್ಮನ ವ್ರತ ಆರಂಭವಾಯಿತು. ಅದಕ್ಕೆ ಬೇರೆ ಹೆಸರು ನನಗೆ ತೋಚುವುದಿಲ್ಲ. ದಿನವೂ ಸ್ನಾನ, ಪೂಜೆ ಮುಗಿಸಿ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ಕುಲಾವಿಯ ತುಂಡಿನ ಒಂದು ಅಂಚು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ತಂಗಿ ಯಾವತ್ತಾದರೂ ಹೇಳದೆ ಕೇಳದೆ ಬಂದುಬಿಡಬಹುದು. ಅವಳು ಬಿಚ್ಚಿದ್ದು ಹಿಂದಿನದಾಗಬೇಕು, ತಾನು ಹೊಲಿದದ್ದು ಕಡೆಯದಾಗಬೇಕು. ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಸೂಜಿ ಹೊಕ್ಕು ಹೊರಟು, ಹೊಕ್ಕು ಹೊರಟು, ಬಟ್ಟೆ ಜಾಳಾಯಿತು. ಅಂಚು ಹೋಯಿತು. ಕೆಂಪು ಮಾಸಿ, ಹೊತ್ತು ಮುಳುಗಿದ ಮೇಲೂ ಪಶ್ಚಿಮದಲ್ಲಿ ಉಳಿಯುತ್ತದಲ್ಲ, ಆ ಬಣ್ಣಕ್ಕೆ ಬಂತು.

“ಹಿಂಗಾದರ ಅದು ಸವದ ಹೋಗ್ತೈತಿ,” ಎಂದು ಒಮ್ಮೆ ಹೇಳಿದ್ದೆ.

“ಸವದದ್ದಾದರೂ ನನ್ನ ಹತ್ರ ಇರ್ತೈತಿ. ಹೋದದ್ದು ಹೋತು ಅಲ್ಲೇನ್ರಿ,” ಎಂದಳು.

ಕೂದಲು ಬೆಳ್ಳಗಾಗುವಷ್ಟು ಕಾಲ ಹೀಗೆಯೇ ಕಳೆಯಿತು. ಕಳೆದ ಬೇಸಗೆಯಲ್ಲಿ ಬಸ್ಸಿನ ಕಂಡಕ್ಟರನೊಬ್ಬ ನಮ್ಮ ಬಾಗಿಲಿಗೆ ಬಂದು, “ನಿಮ್ಮ ಅನಸೂಯಾಬಾಯಿಯವರು ನಾಳಿನ ಬಸ್ಸಿಗೆ ಬರ್ತಾರಂತ್ರಿ. ಇಲ್ಲೇ ಇರಾಕ,” ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆ ದಾನಮ್ಮ, ಒಲೆ ಹಚ್ಚುವ ಮುನ್ನವೇ ಸೂಜಿಗೆ ದಾರ ಪೋಣಿಸಿ ಪಡಸಾಲೆಯಲ್ಲಿ ಕುಳಿತುಬಿಟ್ಟಳು.

“ನೀವು ಹೋಗ್ರಿ,” ಎಂದಳು. “ಅಕಿ ಗಂಟು ಸೇತುವಿ ದಾಟೂ ತನಕ ನಾ ಸೂಜಿ ಬಿಡೂದಿಲ್ಲ. ಅಲ್ಲೇ ಆಚಿ ದಂಡ್ಯಾಗ ಕುಂತು ಬಿಚ್ಚಿದ್ರೂ ನನ್ನ ಕೈನ ಕಡೇದಾಗಬೇಕು.”

ಬಸ್ಸು ಸೇತುವೆ ಹತ್ತುವುದಿಲ್ಲ, ಆಚೆಯ ದಡದಲ್ಲೇ ನಿಲ್ಲುತ್ತದೆ. ನಾನು ಹೋಗುವಷ್ಟರಲ್ಲಿ ಅನಸೂಯಾ ಹುಸೇನಬಿಯ ಅಂಗಡಿಯ ಬಾಕಿನ ಮೇಲೆ ಗಂಟು ಮಗ್ಗುಲಲ್ಲಿಟ್ಟುಕೊಂಡು ಕುಳಿತಿದ್ದಳು. ಮೈ ಇಳಿದಿತ್ತು. ಗುರುತು ಹಿಡಿಯಲು ನನಗೆ ತುಸು ಹೊತ್ತು ಹಿಡಿಯಿತು, ಅವಳಿಗೆ ಹಿಡಿಯಲಿಲ್ಲ.

“ಏನ್ ಮಾಮಾ, ಇನ್ನೂ ನಾಕಾದ ಕಡೆ ಬರೂದು ಬಿಟ್ಟಿಲ್ಲ?”

“ಪಗಾರ ನಿಂತೈತಿ, ಚಟ ನಿಂತಿಲ್ಲವ್ವ.”

ನಕ್ಕಳು. ಚಹಾದ ಕಪ್ಪು ಹಿಡಿದ ಕೈಯಲ್ಲಿ ಬಳೆಗಳಿರಲಿಲ್ಲ. ನಾನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಹೊಳೆಯ ಕಡೆ ಮುಖ ತಿರುಗಿಸಿದೆವು.

“ಅಕ್ಕ ಬರಲಿಲ್ಲ. ಸಿಟ್ಟು ಇನ್ನೂ ಇಳದಿಲ್ಲ ಅನ್ರಿ.”

“ಸಿಟ್ಟಲ್ಲ, ಅಂಜಿಕಿ,” ಎಂದೆ. “ನೀ ಅದನ್ನ ಬಿಚ್ಚಿದಿ ಅಂತ.”

ಅನಸೂಯಾ ಗಂಟು ಬಿಚ್ಚಿದಳು. ಕೌದಿಯನ್ನು ಬಾಕಿನ ಮೇಲೆ ಹರವಿದಳು. ನಾವು ಕಾಣದ ಎಷ್ಟೋ ವರ್ಷಗಳು ಅಲ್ಲಿ ಚೌಕಚೌಕವಾಗಿ ಬಿದ್ದಿದ್ದವು. ಗಿರಣಿಯ ಖಾಕಿ ಚೂರು. ಯಾವುದೋ ಊರಿನ ಚೀಟಿ ಬಟ್ಟೆಯ ಹೂಗಳು. ಶೈಲಾಳ ಶಾಲೆಯ ನೀಲಿ ಲಂಗ, ಅದರಾಚೆ ಅವಳ ಮದುವೆಯ ಸೀರೆಯ ತುದಿ. ಕಣ್ಣು ಓದುತ್ತ ಓದುತ್ತ ಮೂಲೆಗೆ ಹೋಯಿತು. ಅಲ್ಲಿ ಕುಲಾವಿಯ ತುಂಡಿತ್ತು. ಮಾಸಿರಲಿಲ್ಲ, ಸವೆದಿರಲಿಲ್ಲ. ಅದು ಅಷ್ಟು ಕೆಂಪಗಿತ್ತು ಎಂಬುದನ್ನೇ ನಾನು ಮರೆತಿದ್ದೆ. ಒಂದು ಬದಿಗೆ ಎರಡೆಳೆಯ ಜರಿಯ ಅಂಚು, ಅದರ ಕೆಳಗೆ, ನನ್ನ ಕಣ್ಣಿಗಷ್ಟೇ, ಒಂದು ಪುಟ್ಟ ಹಣೆ.

“ಬಿಚ್ಚಾಕ ಅಂತ ಕತ್ರಿ ತಗೊಂಡು ಕುಂತಿದ್ದೆ ಮಾಮಾ,” ಎಂದಳು ಅನಸೂಯಾ. “ನೋಡಿದ್ರ, ಶೈಲಾ ಆ ಜರಿ ಅಂಚಿನ್ಯಾಗ ಕೈಬಟ್ಟು ಸಿಗಿಸ್ಕೊಂಡು ಮಲಗಿತ್ತು. ಬಿಡಿಸಿದ್ರ ಚೀರೂದು. ಅದನ್ನ ಹಿಡಕೊಳ್ಳಾರದ ಆ ಕೂಸಿಗೆ ನಿದ್ದಿನ ಬರ್ತಿರಲಿಲ್ಲ. ಆತು, ದೊಡ್ಡಾಕಿ ಆದ ಮ್ಯಾಲೆ ಬಿಚ್ಚೂಣು ಅಂದೆ. ಅಕಿ ದೊಡ್ಡಾಕಿ ಆದ್ಲು. ನನಗ ಮನಸಾಗಲಿಲ್ಲ. ಅವತ್ತಿನಿಂದ ಅದಕ್ಕ ಸೂಜಿ ತಾಗಿಸಿಲ್ಲ, ಕತ್ರಿನೂ ತಾಗಿಸಿಲ್ಲ.”

ನಾನು ಆ ಕೆಂಪನ್ನೇ ನೋಡುತ್ತಿದ್ದೆ. ಸಂತೋಷ ಎದೆಗೆ ಬರುವ ಮೊದಲೇ ಲೆಕ್ಕವೊಂದು ತಲೆಗೆ ಬಂತು. ಸೂಜಿ ತಾಗಿಸಿಲ್ಲ. ಇಷ್ಟು ವರ್ಷ. ಮನೆಯಲ್ಲಿ ಇನ್ನೊಬ್ಬಳು ಈಗ, ಈ ಕ್ಷಣದಲ್ಲೂ, ತಾಗಿಸುತ್ತಲೇ ಇದ್ದಾಳೆ.

“ಅನಸೂಯಾ, ಏಳಬ್ಯಾಡ. ಸೇತುವಿ ದಾಟಬ್ಯಾಡ,” ಎಂದೆ. ದಾನಮ್ಮನ ದಿನದಿನದ ಹೊಲಿಗೆಯನ್ನೂ, ಅದು ಈಗ ಜೇಡರ ಬಲೆಯಷ್ಟಾಗಿರುವುದನ್ನೂ ಹೇಳಿದೆ. ಈ ಗಂಟು ಈಚೆ ಬಂದ ಗಳಿಗೆಯಲ್ಲಿ ಕಡೆಯ ಕೈ ಅವಳದೇ ಆಗುತ್ತದೆ. ಅವಳ ಸವೆದ ಚಿಂದಿಯೇ ಎರಡೂ ಕಡೆ ನಿಲ್ಲುತ್ತದೆ, ಈ ಕೆಂಪು ಇನ್ನೆಲ್ಲೂ ಉಳಿಯುವುದಿಲ್ಲ.

ಅನಸೂಯಾ ಹಣೆ ಹಣೆ ಬಡಿದುಕೊಂಡಳು. “ಹುಚ್ಚಿ! ಹುಚ್ಚಿ! ಒಂದು ಮಾತು ಕೇಳಿ ಕಳಸಬಾರದಿತ್ತೇನು?”

“ನೀನರ ಹೇಳಿ ಕಳಸಿದ್ದೇನು?” ಎಂದಳು ಹುಸೇನಬಿ, ಒಲೆಯ ಮುಂದಿನಿಂದ ಏಳದೆ. “ಇಬ್ಬರೂ ಒಂದ ಕೌದ್ಯಾಗ ಹುಟ್ಟಿದವರು, ಹಟ ಬ್ಯಾರೆ ಎಲ್ಲಿಂದ ಬರಬೇಕು? ಅದಕ್ಕ್ಯಾಕ ಇಷ್ಟು ಗದ್ದಲ? ಇಲ್ಲೇ ಒಂದು ಹೊಲಿಗಿ ಹಾಕು, ಕಡೇ ಕೈ ನಿಂದ ಆಗ್ತೈತಿ.”

“ನಾ ಇಲ್ಲಿ ಹಾಕಿದ್ರ ಅಕಿ ಅಲ್ಲಿ ಹತ್ತು ಹಾಕ್ತಾಳ ನಮ್ಮವ್ವಾ. ಅಕಿ ಸೂಜಿ ಕೆಳಗಿಡಬೇಕಲ್ಲ.”

ನಾನು ಎದ್ದೆ. “ನಾ ಹೋಗಿ ಇಡಸ್ತೀನಿ. ಹತ್ತಿ ಗಿರಣಿ ಮಧ್ಯಾಹ್ನದ ಭೋಂಗಾ ಊದೂ ತನಕ ನೀ ಇಲ್ಲೇ ಕುಂಡರು. ಊದಿದ ಮ್ಯಾಲೆ ಒಂದು ಹೊಲಿಗಿ ಹಾಕಿ ದಾಟು.”

“ಇಡಲಿಲ್ಲಂದ್ರ?”

ಹುಸೇನಬಿ, “ಗಂಡನ ಮಾತು ಕೇಳೂ ಪೈಕಿ ಅಲ್ಲ ಅಕಿ. ಓಡ್ರಿ, ಓಡ್ರಿ,” ಎಂದಳು.

ಈ ವಯಸ್ಸಿನಲ್ಲಿ ಓಡುವುದೆಂದರೆ ಓಡಬೇಕೆಂದು ಬಯಸುತ್ತ ನಡೆಯುವುದು. ನಾನು ಮನೆ ಮುಟ್ಟಿದಾಗ ದಾನಮ್ಮ ಹಾಗೆಯೇ ಕುಳಿತಿದ್ದಳು, ಬೆಳಕಿಗೆ ಮೂಗು ಹತ್ತಿರ ಮಾಡಿಕೊಂಡು, ಹೊಲಿಯುತ್ತ. ತುಂಡಿನಲ್ಲಿ ಬಟ್ಟೆಗಿಂತ ದಾರವೇ ಹೆಚ್ಚಾಗಿತ್ತು.

“ಸೂಜಿ ಕೆಳಗಿಡು,” ಎಂದೆ ಏದುಸಿರಿನಲ್ಲಿ. “ಅಕಿ ಬಿಚ್ಚಿಲ್ಲ. ಹಂಗ ಐತಿ. ಹೊಸದರಂಗ ಐತಿ. ನೀ ಹೊಲದಷ್ಟೂ ಅದು ಹಾಳಾಗ್ತೈತಿ.”

ಅವಳ ಕೈ ನಿಲ್ಲಲಿಲ್ಲ. “ನೀವು ನೋಡಿದ್ರೇನು?”

“ನೋಡಿದೆ.”

“ಚಸ್ಮಾ ಹಾಕ್ಕೊಂಡಿದ್ರೇನು?”

“ಹಾಕ್ಕೊಂಡಿದ್ದೆ ಮಾರಾಯ್ತಿ.”

“ಹಂಗ ಹೇಳು ಅಂತ ಅಕಿ ಹೇಳಿ ಕಳಸ್ಯಾಳ. ನಾ ಸೂಜಿ ಬಿಡಬೇಕು, ಅಕಿ ಅಲ್ಲಿ ಕತ್ರಿ ಹಿಡೀಬೇಕು. ನೀವರ ಏನು, ಜಗಳ ಮುಗದ್ರ ಸಾಕು ಅಂತ ಯಾವ ಸುಳ್ಳಾದ್ರೂ ಹೇಳ್ತೀರಿ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬಾಳಿನುದ್ದಕ್ಕೂ ನಾನು ಹೇಳಿದ ಸಣ್ಣಪುಟ್ಟ ಸುಳ್ಳುಗಳೆಲ್ಲ ಶಾಂತಿಗಾಗಿಯೇ ಇದ್ದವು. ಈಗ ಒಂದೇ ಒಂದು ನಿಜಕ್ಕೆ ಅವು ದಾರಿ ಬಿಡುತ್ತಿರಲಿಲ್ಲ. ನಾನು ಅವಳೆದುರು ನೆಲದ ಮೇಲೆ ಕುಳಿತೆ. ಬೇರೇನೂ ತೋಚದೆ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. “ಶೈಲಾ ಕೂಸಿದ್ದಾಗ ಅದನ್ನ ಹಿಡಕೊಂಡ ಮಲಗತಿತ್ತಂತ. ಬಿಡಿಸಿದ್ರ ಚೀರತಿತ್ತಂತ. ಅದರ ಜರಿ ಅಂಚಿನ್ಯಾಗ ಬಟ್ಟು ಸಿಗಿಸ್ಕೊಂಡು…”

ಸೂಜಿ ನಡುದಾರಿಯಲ್ಲಿ ನಿಂತಿತು.

“ಏನಂದ್ರಿ?”

“ಬಟ್ಟು ಸಿಗಿಸ್ಕೊಂಡು ಮಲಗತಿತ್ತಂತ.”

“ಎದರಾಗ?”

“ಜರಿ ಅಂಚಿನ್ಯಾಗ. ಒಂದು ಬಾಜು ಎರಡೆಳೀದು ಜರಿ ಐತಲ್ಲ.”

ದಾನಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳ ತೊಡೆಯ ಮೇಲಿನ ತುಂಡಿನಲ್ಲಿ ಜರಿ ಇರಲಿಲ್ಲ. ಎಂದೋ ಎಳೆಯೆಳೆಯಾಗಿ ಉದುರಿಹೋಗಿತ್ತು. ನಾನು ಸೀರೆಯ ಬಣ್ಣ ಕೇಳಿದರೆ ಸೀರೆ ಎಂದು ಉತ್ತರ ಹೇಳುವ ಗಂಡಸು. ಆ ಕುಲಾವಿಗೆ ಜರಿಯಿತ್ತೆಂಬುದು ಇವತ್ತು ಕಣ್ಣಾರೆ ಕಾಣದಿದ್ದರೆ ನನ್ನ ಬಾಯಿಂದ ಬರುವ ಮಾತೇ ಅಲ್ಲ. ಅದು ನನಗಿಂತ ಮೊದಲು ಅವಳಿಗೆ ಹೊಳೆಯಿತು.

“ಅಕಿ ಕೂಸು,” ಎಂದಳು ಮೆಲ್ಲಗೆ, “ನಮ್ಮ ಕೂಸಿನ ಕುಲಾವಿ ಹಿಡಕೊಂಡು ಮಲಗತಿತ್ತು.”

ಹತ್ತಿ ಗಿರಣಿಯ ಭೋಂಗಾ ಊದಿತು.

ಅವಳ ಕೈ ತಾನಾಗಿಯೇ ಒಮ್ಮೆ ಬಟ್ಟೆಯ ಕಡೆ ಚಲಿಸಿತು. ಇಷ್ಟು ವರ್ಷಗಳ ಅಭ್ಯಾಸ, ಕೈಗೆ ಬೇರೆ ಕೆಲಸ ಗೊತ್ತಿಲ್ಲ. ಅವಳು ಹಲ್ಲು ಕಚ್ಚಿ ದಾರವನ್ನು ಸೂಜಿಯಿಂದ ಎಳೆದು ತೆಗೆದಳು, ಸೂಜಿಯನ್ನು ನನ್ನ ಕಡೆ ಚಾಚಿದಳು. “ನೀವ ಹಿಡೀರಿ ಇದನ್ನ. ನನ್ನ ಕೈಯಾಗ ಇದ್ದರ ಸುಮ್ಮನಿರೂದಿಲ್ಲ.”

ಕಾದೆವು. ಬೀದಿಯಲ್ಲಿ ಗಿರಣಿಯ ಹೆಂಗಸರು ಊಟಕ್ಕೆ ಹೋಗುವ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ದಾನಮ್ಮ ಕೌದಿಯ ಮೂಲೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ತುಟಿ ಏನನ್ನೋ ಎಣಿಸುತ್ತಿತ್ತೋ ಬೇಡುತ್ತಿತ್ತೋ ತಿಳಿಯದು. ಒಂದು ಹೊತ್ತಿನಲ್ಲಿ, “ಮೋಸ ಹ್ವಾದ್ವೇನ್ರಿ?” ಎಂದಳು.

ಮೊದಲು ಬಂದದ್ದು ಅಂಚು. ಗಾಳಿಯಿಂದ ಇಳಿದ ಹಾಗೆ ಒಂದು ಎಳೆ ಜರಿ ಮಿನುಗಿತು, ಅದರ ಮಗ್ಗುಲಲ್ಲಿ ಇನ್ನೊಂದು. ಅಲ್ಲಿಂದ ಕೆಂಪು ನೀರಿನ ಹಾಗೆ ಹರಿದು ತೂತುಗಳನ್ನೆಲ್ಲ ತುಂಬಿತು. ನಡುವೆ ದಪ್ಪ ಬಿಳಿ ದಾರದ ಒಂದು ಹೊಲಿಗೆ, ಗೋಣಿಚೀಲದ ಬಾಯಿ ಕಟ್ಟಿದಂಥದ್ದು. ದಾನಮ್ಮ ಬೆರಳಿನಿಂದ ಮುಟ್ಟಿದಳು, ಕೈ ಹಿಂದಕ್ಕೆ ತೆಗೆದಳು, ಮತ್ತೆ ಮುಟ್ಟಿದಳು. ಅಷ್ಟರಲ್ಲಿ ಕೌದಿಯ ತುಂಬ ಖಾಕಿ, ಹೂ, ನೀಲಿ, ರೇಷ್ಮೆ ಒಂದೊಂದಾಗಿ ಮೂಡತೊಡಗಿದ್ದವು. ಅವಳು ಕಾಗದ ಓದಿದ ಹಾಗೆ ಒಂದೊಂದನ್ನೂ ತಡೆದು ನೋಡಿದಳು. ಕೊನೆಯ ತುಂಡು ಬೂದುಬಣ್ಣದ ಚೌಕುಳಿಯ ಅಂಗಿಯದು. ಅದರ ಮೇಲೆ ಅವಳ ಅಂಗೈ ನಿಂತಿತು.

“ಇದು ಚನ್ನಬಸಪ್ಪನ ಅಂಗಿ.”

“ಹೌದು.”

“ಅಕಿ ಕೈ ನೋಡಿದ್ರೇನು?”

“ನೋಡಿದೆ. ಬಳಿ ಇರಲಿಲ್ಲ.”

ಅನಸೂಯಾ ಗಂಟು ಬಗಲಲ್ಲಿಟ್ಟುಕೊಂಡು ಒಳಗೆ ಬಂದಾಗ ದಾನಮ್ಮ ಕುಳಿತಲ್ಲಿಂದಲೇ ಅವಳ ಸೆರಗು ಹಿಡಿದು ಮಗ್ಗುಲಿಗೆ ಎಳೆದುಕೊಂಡಳು. “ಹೊಲಿಗಿ ಏನ ಅದು? ಜ್ವಾಳದ ಚೀಲ ಹೊಲದಂಗ.”

“ಹುಸೇನಬಿ ದಾರ ಅಕ್ಕಾ, ನಂದಲ್ಲ.”

“ಕೈ ನಿಂದ ಅಲ್ಲೇನು?”

ಇಬ್ಬರೂ ನಗುತ್ತಲೇ ಅಳಲಿಕ್ಕೆ ತೊಡಗಿದರು. ನಾನು ಬೀದಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಅನಸೂಯಾ ಕಣ್ಣೊರೆಸಿಕೊಂಡು ತನ್ನ ಕೌದಿಯನ್ನು ಮಡಿಲಲ್ಲಿ ಬಿಡಿಸಿದಳು. ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ತಿರುವಿ ಮತ್ತೆ ನೋಡಿದಳು.

“ಅಕ್ಕಾ,” ಎಂದಳು, “ನಿನ್ನ ಕಡೆಯಿಂದ ಏನೂ ಬಂದಿಲ್ಲಲ್ಲ.”

ದಾನಮ್ಮ ತಲೆ ತಗ್ಗಿಸಿದಳು.

“ಇಷ್ಟು ವರ್ಷ ಒಂದ ತುಂಡೂ ಹಚ್ಚಿಲ್ಲ? ಒಂದ ಸೀರಿ? ಮಾಮಾನ ಒಂದು ಧೋತ್ರ?”

ನನಗೆ ನಮ್ಮ ಬೆಳಗುಗಳೆಲ್ಲ ಒಟ್ಟಿಗೆ ಕಂಡವು: ಒಂದೇ ಮೂಲೆ, ಒಂದೇ ಅಂಗೈಯಗಲ, ಒಳಹೊರಗೆ ಓಡಾಡುವ ಸೂಜಿ. ಉಳಿದ ಕೌದಿಯನ್ನು ಅವಳು ನೋಡಿಯೇ ಇರಲಿಲ್ಲ. ನಾನೂ ನೋಡಿರಲಿಲ್ಲ.

ದಾನಮ್ಮ ತಲೆಯೆತ್ತಿದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಅಳೆದಳು.

“ರೀ, ಅಂಗಿ ಬಿಚ್ಚ್ರಿ.”

“ಯಾಕ?”

“ಬಿಚ್ಚ್ರಿ ಅಂದೆ. ಸತ್ತ ಮ್ಯಾಲೆ ಹಚ್ಚೂದು ಇದ್ದ ಐತಿ. ಇದ್ದಾಗ ಒಂದು ಹಚ್ಚತೀನಿ.”

“ಹಬ್ಬಕ್ಕ ಹೊಲಿಸಿದ ಹೊಸಾ ಅಂಗಿ ಇದು!”

“ಹಳೇದು ಯಾವನಿಗೆ ಬೇಕು? ಸೂಜಿ ಕೊಡ್ರಿ ಇಲ್ಲೆ.”

ಕೊಟ್ಟೆ. ನನ್ನ ನೀಲಿಗೆರೆಯ ಅಂಗಿಯ ಚುಂಗನ್ನು ಅವಳು ಕರುಣೆಯಿಲ್ಲದೆ ಕತ್ತರಿಸಿ, ಕೌದಿಯ ನಡುವೆ ಇನ್ನೂ ಖಾಲಿ ಉಳಿದಿದ್ದ ಜಾಗದಲ್ಲಿಟ್ಟು ಹೊಲಿಯತೊಡಗಿದಳು. ನಾನು ಬನಿಯನ್ನಿನಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಇಬ್ಬರ ನಡುವೆ ನಿಂತಿದ್ದೆ. ಅನಸೂಯಾ ತನ್ನ ಮಡಿಲಿನ ಕಡೆ ಬಾಗಿದಳು. ಅಲ್ಲಿ ಒಂದು ನೀಲಿ ಎಳೆ ತಲೆಯೆತ್ತಿತ್ತು, ಅದರ ಹಿಂದೆ ಇನ್ನೊಂದು. ಅವಳು ಬೆರಳಿಟ್ಟು ನೋಡಿದಳು, ನನ್ನ ಕಡೆ ತಿರುಗಿದಳು.

“ಬಂದ್ರಿ ಮಾಮಾ,” ಎಂದಳು, “ಈಗ ಬರಾಕತ್ತೀರಿ.”